ರಾಣಿ ರೂಪಾಯಿ, ತೂತುಕಾಸು, ರಾಮಟಂಕ: ಮನೆಯ ಹಳೆಯ ನಾಣ್ಯಗಳನ್ನು ಏನು ಮಾಡಬೇಕು?

ಪ್ರಶ್ನೆ: ನಾನು ತರೀಕೆರೆ ಸಮೀಪದ ಹಳ್ಳಿಯವನು, ನಿವೃತ್ತ ಶಿಕ್ಷಕ. ತಾಯಿಯವರು ತೀರಿಕೊಂಡ ಮೇಲೆ ಅವರ ದೇವರ ಕೋಣೆಯ ಹಿತ್ತಾಳೆ ಡಬ್ಬಿಯಲ್ಲಿ ಒಂದಷ್ಟು ಹಳೆಯ ನಾಣ್ಯಗಳು ಸಿಕ್ಕಿವೆ. 1840 ಮತ್ತು 1862ರ ರಾಣಿ ರೂಪಾಯಿಗಳು, 1911ರದು ಒಂದು, 1945ರವು ಕೆಲವು, 1939 ಎಂದು ಓದುವಂತಿರುವ ಒಂದು ರೂಪಾಯಿ, ಹಿಡಿಯಷ್ಟು ತೂತುಕಾಸು, ಮತ್ತೆ ಒಂದು ಬದಿ ರಾಮ, ಸೀತೆ, ಲಕ್ಷ್ಮಣ, ಹನುಮಂತ ಹಾಗೂ ಇನ್ನೊಂದು ಬದಿ 'ಈಸ್ಟ್ ಇಂಡಿಯಾ ಕಂಪನಿ 1818' ಎಂದಿರುವ ತಾಮ್ರದ ನಾಣ್ಯ. ಕೆಲವು ರೂಪಾಯಿಗಳಿಗೆ ಕೊಂಡಿ ಬೆಸೆದಿದೆ. ಕಪ್ಪಾಗಿದ್ದ ಎರಡನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ್ದೇನೆ. 1862ರ ನಾಣ್ಯದ ಚಿತ್ರವನ್ನು ಮೊಬೈಲ್‌ನಲ್ಲಿ ಹಾಕಿದ ಮರುದಿನ ಒಬ್ಬರು ಕರೆ ಮಾಡಿ ಒಂಬತ್ತು ಲಕ್ಷ ಕೊಡುತ್ತೇವೆ, ಮೊದಲು 1,250 ರೂಪಾಯಿ ನೋಂದಣಿ ಶುಲ್ಕ ಕಟ್ಟಿ ಎಂದರು. ನಮ್ಮೂರ ಅಕ್ಕಸಾಲಿಗರು ಬೆಳ್ಳಿಯ ತೂಕಕ್ಕೆ ಕೊಳ್ಳುತ್ತೇನೆ ಎನ್ನುತ್ತಾರೆ. ತಮ್ಮನಿಗೂ ಪಾಲು ಕೊಡಬೇಕು. ಅಮೆರಿಕದಲ್ಲಿರುವ ಮಗ ಎರಡು ಮೂರು ನಾಣ್ಯಗಳನ್ನು ತನಗೆ ಕಳಿಸಿ ಎನ್ನುತ್ತಿದ್ದಾನೆ. ನನಗೋ, ಇವನ್ನು ಇಟ್ಟುಕೊಂಡು ಸಂಗ್ರಹ ಬೆಳೆಸುವ ಆಸೆ. ನಿಜವಾಗಿ ಇವುಗಳ ಬೆಲೆ ಏನು? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಒಳಗಿರುವ ಆತಂಕ ಒಂದೇ. ಅಮ್ಮ ಉಳಿಸಿಟ್ಟದ್ದನ್ನು ತಿಳಿಯದೆ ಅಗ್ಗಕ್ಕೆ ಕೊಟ್ಟುಬಿಡುತ್ತೇನೆಯೇ, ಇಲ್ಲವೇ ಇಲ್ಲದ ಬೆಲೆಯನ್ನು ನಂಬಿ ಮೋಸಹೋಗುತ್ತೇನೆಯೇ ಎಂಬುದು. ಎರಡೂ ಆಗದಂತೆ ನೋಡಿಕೊಳ್ಳಬಹುದು. ಅದಕ್ಕೆ ಇಂದೇ ಮಾಡಬೇಕಾದ ಎರಡು ಕೆಲಸಗಳಿವೆ: ಆ ಕರೆ ಮಾಡಿದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ, ಉಳಿದ ನಾಣ್ಯಗಳಿಗೆ ಹುಣಸೆಹಣ್ಣು ಮುಟ್ಟಿಸಬೇಡಿ.

ಮೊದಲು ಆ ಒಂಬತ್ತು ಲಕ್ಷದ ಮಾತು. ನಾಣ್ಯ ಕೊಳ್ಳುವವನು ಮಾರುವವನಿಂದ ಮುಂಗಡವಾಗಿ ಶುಲ್ಕ ಕೇಳುವ ಪದ್ಧತಿ ಈ ವ್ಯಾಪಾರದಲ್ಲಿ ಎಲ್ಲಿಯೂ ಇಲ್ಲ. ಶುಲ್ಕ ಕಟ್ಟಿದ ಕೂಡಲೇ ತೆರಿಗೆ ಎನ್ನುತ್ತಾರೆ, ಆಮೇಲೆ ವಿಮೆ, ಆಮೇಲೆ ಕಮಿಷನ್. ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಪತ್ರವನ್ನೂ ಕಳಿಸುತ್ತಾರೆ. ಇಂಥ ವ್ಯವಹಾರಗಳಲ್ಲಿ ತನಗೆ ಯಾವ ಪಾತ್ರವೂ ಇಲ್ಲ, ಹಳೆಯ ನೋಟು ನಾಣ್ಯಗಳ ಮಾರಾಟಕ್ಕೆ ತಾನು ಶುಲ್ಕ ವಸೂಲಿ ಮಾಡುವುದಿಲ್ಲ, ತನ್ನ ಹೆಸರಿನಲ್ಲಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕ ಪ್ರಕಟಣೆಯನ್ನೇ ಹೊರಡಿಸಿತ್ತು. ಆ ಸಂಖ್ಯೆಯಿಂದ ಮತ್ತೆ ಕರೆ ಬಂದರೆ 1930ಕ್ಕೆ ದೂರು ಕೊಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಈಗ ನಾಣ್ಯಗಳಿಗೆ ಬರೋಣ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನಾಣ್ಯದ ಬೆಲೆಗೂ ವಯಸ್ಸಿಗೂ ಇರುವ ನಂಟು ಬಹಳ ತೆಳುವಾದದ್ದು. ಎಷ್ಟು ಹೊಡೆದರು, ಅದರಲ್ಲಿ ಎಷ್ಟು ಕರಗಿಹೋಗಿ ಎಷ್ಟು ಉಳಿದವು, ಉಳಿದದ್ದು ಯಾವ ಸ್ಥಿತಿಯಲ್ಲಿದೆ, ಅದನ್ನು ಬೇಕೆನ್ನುವವರು ಎಷ್ಟು ಮಂದಿ, ಇವು ಬೆಲೆಯನ್ನು ತೀರ್ಮಾನಿಸುತ್ತವೆ. ಎರಡು ಸಾವಿರ ವರ್ಷ ಹಿಂದಿನ ಸವಕಲು ತಾಮ್ರದ ನಾಣ್ಯ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 1939ರ ಒಂದು ರೂಪಾಯಿಗೆ ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ.

ನಿಮ್ಮ 1862ನ್ನೇ ತೆಗೆದುಕೊಳ್ಳಿ. 1835ರ ಕಾಯ್ದೆಯಿಂದ ಕಂಪನಿಯ ಆಳ್ವಿಕೆಯ ಭಾಗಕ್ಕೆಲ್ಲ ಒಂದೇ ತೂಕದ, ಒಂದೇ ಬೆರಕೆಯ ರೂಪಾಯಿ ಬಂತು: 180 ಗ್ರೇನ್, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡು ಭಾಗಕ್ಕೆ ಹನ್ನೊಂದು ಭಾಗ ಬೆಳ್ಳಿ. ಈ ತೂಕವೇ ಒಂದು ತೊಲ. ನಮ್ಮ ಹಳ್ಳಿಗಳಲ್ಲಿ ಅಕ್ಕಸಾಲಿಗರು ತೊಲದ ಬೊಟ್ಟಿನ ಬದಲಿಗೆ ರೂಪಾಯಿಯನ್ನೇ ತಕ್ಕಡಿಗೆ ಹಾಕುತ್ತಿದ್ದುದು ಇದಕ್ಕಾಗಿ. ಕಂಪನಿಯ ಕೈಯಿಂದ ಆಡಳಿತ ರಾಣಿಯ ಕೈಗೆ ಹೋದ ಮೇಲೆ, 1862ರಲ್ಲಿ, ಕಿರೀಟ ಧರಿಸಿದ ವಿಕ್ಟೋರಿಯಾ ಚಿತ್ರದ ಹೊಸ ರೂಪಾಯಿ ಬಂತು. ಆದರೆ ಅದರ ಮೇಲಿನ ಇಸವಿಯನ್ನು ಟಂಕಸಾಲೆಗಳು ವರ್ಷವರ್ಷ ಬದಲಿಸಲಿಲ್ಲ. 1874ರ ವರೆಗೂ 1862 ಎಂಬ ಇಸವಿಯಲ್ಲೇ ಹೊಡೆಯುತ್ತಾ ಹೋದವು. ಹನ್ನೆರಡು ವರ್ಷಗಳ ಉತ್ಪಾದನೆಯೆಲ್ಲ ಒಂದೇ ಇಸವಿಯ ಹೆಸರಿನಲ್ಲಿದೆ! ಅದಕ್ಕೇ ಕರ್ನಾಟಕದ ಯಾವ ಹಳ್ಳಿಯ ದೇವರ ಮನೆಯಲ್ಲಿ ಹುಡುಕಿದರೂ ರಾಣಿ ರೂಪಾಯಿಯೆಂದರೆ 1862ರದೇ ಕೈಗೆ ಬರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಇದರ ಬೆಲೆ ಒಳಗಿರುವ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ, ಅಷ್ಟೇ.

ಹಾಗೆಂದು ಎಲ್ಲವನ್ನೂ ಒಂದೇ ಗುಂಪಿಗೆ ಹಾಕಬೇಡಿ. ಇಲ್ಲೇ ಈ ಹವ್ಯಾಸದ ರುಚಿ ಇರುವುದು. ಮುಂಬಯಿ ಟಂಕಸಾಲೆಯವರು ಇಸವಿಯ ಅಂಕಿಗಳ ಆಸುಪಾಸಿನಲ್ಲಿ ಸಣ್ಣ ಚುಕ್ಕೆಗಳನ್ನು ಇಟ್ಟರು. ಅವುಗಳ ಸಂಖ್ಯೆಯನ್ನೂ ಜಾಗವನ್ನೂ ನೋಡಿ ನಾಣ್ಯ ನಿಜವಾಗಿ ಯಾವ ವರ್ಷದ್ದೆಂದು ಸಂಶೋಧಕರು ಗುರುತಿಸುತ್ತಾರೆ. ಮುಖದ ಅಚ್ಚಿನಲ್ಲಿಯೂ, ಹಿಂಬದಿಯ ಹೂಬಳ್ಳಿಯಲ್ಲಿಯೂ ಭೇದಗಳಿವೆ. ಕೆಲವು ಜೋಡಣೆಗಳು ವಿರಳ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದನ್ನು ಕೊಂಡು, ಹಗಲು ಬೆಳಕಿನಲ್ಲಿ ಕಿಟಕಿಯ ಪಕ್ಕ ಕುಳಿತು ಇಸವಿಯ ಆಸುಪಾಸಿನಲ್ಲಿ ಎಲ್ಲೆಲ್ಲಿ ಎಷ್ಟು ಚುಕ್ಕೆಗಳಿವೆ ಎಂದು ಎಣಿಸಿ ಬರೆದಿಡಿ. 1840ರ ಕಥೆಯೂ ಇದೇ. ಆ ಇಸವಿಯೂ ಹೊಸ ಅಚ್ಚು ಬರುವ ತನಕ ಸುಮಾರು ಎರಡು ದಶಕ ನಡೆಯಿತು. ರಾಣಿಯ ಹೆಸರು ತಲೆಯ ಮೇಲೆ ಒಂದೇ ಸಾಲಿನಲ್ಲಿ ಹರಿದಿದ್ದರೆ ಮೊದಲ ಅಚ್ಚು. ತಲೆಯ ಎರಡು ಪಕ್ಕಕ್ಕೆ ಒಡೆದು ಬರೆದಿದ್ದರೆ ನಂತರದ್ದು.

1911ರ ನಾಣ್ಯವಿದೆ ಎಂದು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಹೊಡೆದ ಮೊದಲ ರೂಪಾಯಿ ಅದು. ದೊರೆಯ ನಿಲುವಂಗಿಯ ಮೇಲೆ ಪದಕಮಾಲೆಯ ಆನೆಯೊಂದನ್ನು ಕೆತ್ತಿದ್ದರು. ಸೊಂಡಿಲು ಗಿಡ್ಡವಾಗಿ, ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಮುಸ್ಲಿಮರ ಭಾವನೆಗೆ ಇದು ನೋವುಂಟುಮಾಡುತ್ತದೆಂಬ ಗದ್ದಲವೆದ್ದು, ಸರ್ಕಾರ ನಾಣ್ಯ ಬಿಡುವುದನ್ನು ನಿಲ್ಲಿಸಿ ಹೊಡೆದದ್ದರಲ್ಲಿ ಬಹುಪಾಲನ್ನು ಕರಗಿಸಿತು. 1912ರಿಂದ ಸೊಂಡಿಲು ಸ್ಪಷ್ಟವಾಗಿ ಕಾಣುವ ತಿದ್ದಿದ ಅಚ್ಚು ಬಂತು. ಹೊರಬಿದ್ದ ಸ್ವಲ್ಪ ಭಾಗವೇ ಇಂದು ಉಳಿದಿರುವುದರಿಂದ, ಸಾಧಾರಣ ಸ್ಥಿತಿಯಲ್ಲಿದ್ದರೂ 1911ಕ್ಕೆ ಬೆಳ್ಳಿಯ ಬೆಲೆಯ ಹಲವು ಪಟ್ಟು ಸಿಗುತ್ತದೆ. ಅದನ್ನು ಬೇರೆ ಎತ್ತಿಡಿ. ತಿಕ್ಕಿದ ಎರಡರಲ್ಲಿ ಇದು ಸೇರಿಲ್ಲವೆಂದು ಆಶಿಸುತ್ತೇನೆ.

1945ರ ರೂಪಾಯಿಗಳ ಬಗ್ಗೆ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಎರಡನೇ ಮಹಾಯುದ್ಧ ಶುರುವಾದೊಡನೆ ಜನ ಬೆಳ್ಳಿ ರೂಪಾಯಿಗಳನ್ನು ಬಚ್ಚಿಡತೊಡಗಿದರು, ಚಲಾವಣೆಗೆ ನಾಣ್ಯವೇ ಸಾಲದಾಯಿತು. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು: 50 ಭಾಗ ಬೆಳ್ಳಿ, 40 ತಾಮ್ರ, ಐದೈದು ನಿಕ್ಕಲ್ ಮತ್ತು ಸತು. ತೂಕ ಅದೇ 11.66 ಗ್ರಾಂ. ಹಾಗಾಗಿ ಕೈಗೆ ವ್ಯತ್ಯಾಸ ತಿಳಿಯದು. ವಿಕ್ಟೋರಿಯಾ ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿಯಿದ್ದರೆ ಇದರಲ್ಲಿ 5.83 ಗ್ರಾಂ ಮಾತ್ರ. ಅಂಚನ್ನು ನೋಡಿ. ಹಳೆಯದರ ಅಂಚಿನಲ್ಲಿ ಬರೀ ನೇರ ಗೀರುಗಳಿರುತ್ತವೆ. 1940ರಿಂದೀಚಿನವುಗಳ ಅಂಚಿನ ನಡುವೆ ಖೋಟಾ ತಡೆಯಲೆಂದು ಮಾಡಿದ ಸುತ್ತುಗೆರೆ ಇರುತ್ತದೆ. ಅಕ್ಕಸಾಲಿಗರ ಲೆಕ್ಕವನ್ನು ಪರೀಕ್ಷಿಸಲು ಈ ಎರಡು ಅಂಕಿಗಳು ನಿಮಗೆ ಬೇಕಾಗುತ್ತವೆ. ಇನ್ನು 1947ರ, ಹಿಂಬದಿಯಲ್ಲಿ ಹುಲಿಯಿರುವ ರೂಪಾಯಿ ಡಬ್ಬಿಯಲ್ಲಿ ಇದ್ದರೆ ಅದರಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಬೆಳ್ಳಿ ಎಂದೂ ಅಂಟುವುದಿಲ್ಲ. ಬೆಲೆ ಕಡಿಮೆಯಾದರೂ ಅದು ಬ್ರಿಟಿಷ್ ದೊರೆಯ ಮುಖವಿದ್ದ ಕೊನೆಯ ರೂಪಾಯಿ. ನನ್ನ ದೃಷ್ಟಿಯಲ್ಲಿ ಯಾವ ಸಂಗ್ರಹದಲ್ಲಿಯೂ ಅದಕ್ಕೆ ಜಾಗವಿರಬೇಕು.

ಈಗ '1939 ಎಂದು ಓದುವಂತಿರುವ' ನಾಣ್ಯ. ನಿಮ್ಮ ಮಾತಿನ ಆ ಅನುಮಾನವೇ ಸರಿಯಾದ ದಾರಿ. ಐದನೇ ಜಾರ್ಜ್ ಕಾಲದ 1922ರ ನಂತರ ಹದಿನೈದು ವರ್ಷ ರೂಪಾಯಿಯ ಬೆಳ್ಳಿ ನಾಣ್ಯ ಬರಲಿಲ್ಲ. 1938ರಲ್ಲಿ ಆರನೇ ಜಾರ್ಜ್ ಹೆಸರಿನಲ್ಲಿ ಮತ್ತೆ ಶುರುವಾಯಿತು. 1939 ಎಂಬ ಇಸವಿ ಹೊತ್ತವು ಹೊರಗೆ ಉಳಿದದ್ದು ತೀರ ಕಡಿಮೆ. ಬ್ರಿಟಿಷ್ ಇಂಡಿಯಾದ ರೂಪಾಯಿಗಳಲ್ಲಿ ಖೋಟಾ ಮಾಡುವವರ ಕಣ್ಣು ಹೆಚ್ಚು ಬಿದ್ದಿರುವುದು ಇದರ ಮೇಲೆ. ಸುಲಭದ ವಿಧಾನವೆಂದರೆ ನಿಜವಾದ 1938ರ ನಾಣ್ಯ ತೆಗೆದುಕೊಂಡು ಕೊನೆಯ 8ರ ಕೆಳಹೊಟ್ಟೆಯ ಎಡಭಾಗವನ್ನು ಸೂಕ್ಷ್ಮವಾಗಿ ಕೆತ್ತಿ 9 ಮಾಡುವುದು. ಇದು ತೂಕದ ಪರೀಕ್ಷೆಯಲ್ಲೂ ಬೆಳ್ಳಿಯ ಪರೀಕ್ಷೆಯಲ್ಲೂ ಪಾಸಾಗುತ್ತದೆ, ಏಕೆಂದರೆ ನಾಣ್ಯ ಅಸಲಿಯೇ. ಹಾಗಾಗಿ ನೋಡಬೇಕಾದದ್ದು ಆ ಒಂದು ಅಂಕಿಯನ್ನು. ಭೂತಗನ್ನಡಿಯಲ್ಲಿ 9ರ ಸುತ್ತಲಿನ ನೆಲ ಉಳಿದ ನೆಲಕ್ಕಿಂತ ತಗ್ಗಾಗಿದೆಯೇ, ಅಲ್ಲಿ ಬೇರೆ ಹೊಳಪು ಅಥವಾ ಗೀರುಗಳಿವೆಯೇ, ಎರಡು 9ಗಳ ಆಕಾರ ಒಂದೇ ಇದೆಯೇ? ಇನ್ನೊಂದು ಬಗೆ ಎರಕ ಹೊಯ್ದ ನಕಲಿ. ಅದರ ಅಕ್ಷರಗಳ ಅಂಚು ಸಾಬೂನಿನಂತೆ ನುಣುಪಾಗಿರುತ್ತದೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಕಾಣಬಹುದು.

ಲೋಹ ಪರೀಕ್ಷಿಸಲು ಒರೆಗಲ್ಲಿಗೆ ಉಜ್ಜಲು ಬಿಡಬೇಡಿ, ಒಂದು ಉಜ್ಜಿಗೆ ಅಂಚು ಹಾಳಾಗುತ್ತದೆ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಎಕ್ಸ್‌ರೇ ಯಂತ್ರದಿಂದ ನಾಣ್ಯಕ್ಕೆ ಗಾಯವಾಗದಂತೆ ಲೋಹದ ಪ್ರಮಾಣ ತಿಳಿಸುತ್ತಾರೆ. ಮನೆಯಲ್ಲೇ ಮಾಡಬಹುದಾದದ್ದು ನೀರಿನ ಪರೀಕ್ಷೆ, ನೀವು ಶಿಕ್ಷಕರಾದ್ದರಿಂದ ಇಷ್ಟವಾಗಬಹುದು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಸಣ್ಣ ತೂಕದ ಯಂತ್ರದ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿ. ಯಂತ್ರ ತೋರಿಸುವ ಅಂಕಿಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. 1939 ಅಥವಾ ಅದಕ್ಕೆ ಹಿಂದಿನ ಅಸಲಿ ರೂಪಾಯಿಗೆ ಸುಮಾರು 10.3 ಬರಬೇಕು. ಹಿತ್ತಾಳೆ, ಇಲ್ಲವೇ ಹೆಸರಿನಲ್ಲಷ್ಟೇ ಬೆಳ್ಳಿಯಿರುವ ಜರ್ಮನ್ ಸಿಲ್ವರ್ ಜಾತಿಯವಾದರೆ 9ರ ಒಳಗೇ ನಿಲ್ಲುತ್ತದೆ. ಈ ಎಲ್ಲವನ್ನೂ ದಾಟಿದರೆ ಮಾತ್ರ 1939ನ್ನು ಅನುಭವಿ ನಾಣ್ಯತಜ್ಞರಿಗೆ ಖುದ್ದಾಗಿ ತೋರಿಸಿ. ಚಿತ್ರ ನೋಡಿ 'ಅಸಲಿ' ಎಂದು ತೀರ್ಪು ಕೊಡುವವರನ್ನು ನಂಬಬೇಡಿ.

ರಾಮನ ಪಟ್ಟಾಭಿಷೇಕದ 1818ರ ನಾಣ್ಯದ ವಿಷಯವನ್ನು ಬಿಡಿಸಿ ಹೇಳಲೇಬೇಕು. ಏಕೆಂದರೆ ಇದರಿಂದ ಮನೆ ಮಠ ಕಳೆದುಕೊಂಡವರಿದ್ದಾರೆ. ಕಂಪನಿಯು ಮದರಾಸಿನಲ್ಲಿ ಹೊಡೆಸಿದ ವರಹಗಳ ಮೇಲೆ ವಿಷ್ಣುವಿನ ರೂಪ ಇತ್ತು, ದೇವಸ್ಥಾನದ ಗೋಪುರವಿದ್ದ ಬೆಳ್ಳಿ ನಾಣ್ಯಗಳೂ ಇದ್ದವು, ಇದು ನಿಜ. ಆದರೆ ಒಂದು ಬದಿ ರಾಮ ಪರಿವಾರ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು, 1818 ಅಥವಾ 1616, 1717 ಎಂಬ ಇಸವಿ, 'ಅರ್ಧ ಆಣೆ' ಅಥವಾ 'ಒಂದು ಆಣೆ' ಎಂಬ ಬೆಲೆ ಇರುವ ತಾಮ್ರ ಹಿತ್ತಾಳೆಯ ಬಿಲ್ಲೆಗಳನ್ನು ಕಂಪನಿಯ ಯಾವ ಟಂಕಸಾಲೆಯೂ ಹೊಡೆದಿಲ್ಲ. 'ಒಂದು ಆಣೆ' ಎಂದು ಬೆಲೆ ಬರೆದ ನಾಣ್ಯ ಬ್ರಿಟಿಷ್ ಇಂಡಿಯಾದಲ್ಲಿ ಚಲಾವಣೆಗೆ ಬಂದದ್ದೇ 20ನೇ ಶತಮಾನದ ಮೊದಲ ದಶಕದಲ್ಲಿ, ಅದೂ ಅಲೆಯಂಚಿನ ನಿಕ್ಕಲ್ ಮಿಶ್ರ ನಾಣ್ಯವಾಗಿ. ಯಾತ್ರಾಸ್ಥಳಗಳಲ್ಲಿ ಪೂಜೆಗೆಂದು ಮಾರುವ ರಾಮಟಂಕಗಳ ಪರಂಪರೆ ಹಳೆಯದು, ಹಳೆಯ ಬೆಳ್ಳಿಯ ರಾಮಟಂಕಗಳಿಗೆ ಅವುಗಳದೇ ಗೌರವವಿದೆ. ನಿಮ್ಮದು ಕಂಪನಿಯ ಹೆಸರನ್ನು ಎರವಲು ಪಡೆದ ಇತ್ತೀಚಿನ ತಯಾರಿಕೆ. ತಾಯಿಯವರು ಪೂಜಿಸುತ್ತಿದ್ದರೆಂದಾದರೆ ದೇವರ ಮುಂದೆಯೇ ಇರಲಿ, ಅದರಲ್ಲಿ ತಪ್ಪೇನಿಲ್ಲ.

ಅಪಾಯ ಬರುವುದು ಬೇರೆ ಕಡೆಯಿಂದ. ಇಂಥ ಬಿಲ್ಲೆಗಳನ್ನೇ 'ರೈಸ್ ಪುಲ್ಲಿಂಗ್' ನಾಣ್ಯ ಎಂದು ಹೇಳಿ, ಅಕ್ಕಿಕಾಳನ್ನು ಸೆಳೆಯುತ್ತದೆ, ಒಳಗೆ ಇರಿಡಿಯಂ ಎಂಬ ದುಬಾರಿ ಲೋಹ ಇದೆ, ವಿದೇಶಿ ಕಂಪನಿಗಳು ಕೋಟಿಗಟ್ಟಲೆ ಕೊಡುತ್ತವೆ ಎಂದು ನಂಬಿಸುವ ಗುಂಪುಗಳಿವೆ. ಕಾಳುಗಳಿಗೆ ಕಬ್ಬಿಣದ ಪುಡಿ ಲೇಪಿಸಿ ನಾಣ್ಯದ ಹಿಂದೆ ಅಯಸ್ಕಾಂತ ಅಡಗಿಸಿದರೆ ಆ 'ಪವಾಡ' ನಡೆಯುತ್ತದೆ. ತಾಮ್ರವಾಗಲಿ ಇರಿಡಿಯಂ ಆಗಲಿ ಅಕ್ಕಿಯನ್ನು ಸೆಳೆಯುವುದಿಲ್ಲ. ನಿಮ್ಮ ಬಳಿ ಇಂಥ ನಾಣ್ಯವಿದೆ ಎಂಬ ಸುದ್ದಿ ಹಬ್ಬಿದರೆ 'ಪರೀಕ್ಷೆ ಮಾಡುತ್ತೇವೆ' ಎಂದು ಜನ ಬಂದಾರು. ಬಾಗಿಲಲ್ಲೇ ಕಳಿಸಿಬಿಡಿ, ಪೀಡಿಸಿದರೆ ಪೊಲೀಸರಿಗೆ ತಿಳಿಸಿ.

ಇನ್ನು ತಿಕ್ಕಿ ಬೆಳಗುವ ವಿಚಾರ. ನಾನು ನೋಡಿರುವ ಮನೆತನದ ನಾಣ್ಯಗಳಲ್ಲಿ ಬೆಲೆ ಹಾಳಾದದ್ದು ಕಳ್ಳರಿಂದಲೂ ಕಾಲದಿಂದಲೂ ಅಲ್ಲ, ಹಬ್ಬದ ಮುನ್ನಾದಿನದ ಪಾತ್ರೆ ತೊಳೆಯುವ ಉತ್ಸಾಹದಿಂದ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದ ಜೊತೆ ಸೇರಿ. ಆ ತೆಳು ಪದರ ಕೊಳೆಯಲ್ಲ, ಲೋಹವೇ ರೂಪ ಬದಲಿಸಿ ಮೇಲೆ ನಿಂತಿರುವುದು. ಅದನ್ನು ತೆಗೆದಿರೆಂದರೆ ಜೊತೆಗೆ ಅಷ್ಟು ಲೋಹವನ್ನೂ ತೆಗೆದಿರಿ. ಟಂಕಸಾಲೆಯ ಪೆಟ್ಟಿನ ಒತ್ತಡಕ್ಕೆ ಲೋಹ ಹರಿದು ಮೂಡುವ ಕಣ್ಣಿಗೆ ಕಾಣದ ಗೆರೆಗಳೇ ಹೊಸ ನಾಣ್ಯಕ್ಕೆ ಆ ಜೀವಂತ ಹೊಳಪನ್ನು ಕೊಡುವುದು. ವಿಭೂತಿ, ರಂಗೋಲಿ ಪುಡಿ, ಹಲ್ಲುಜ್ಜುವ ಪೇಸ್ಟ್ ಇವೆಲ್ಲ ಆ ಗೆರೆಗಳನ್ನು ಸವೆಸಿ ತಮ್ಮ ಗೀರುಗಳನ್ನು ಬಿಡುತ್ತವೆ. ಹುಣಸೆಹಣ್ಣು, ನಿಂಬೆಯ ಆಮ್ಲ ಬೆರಕೆಯಲ್ಲಿರುವ ತಾಮ್ರವನ್ನು ಕರಗಿಸಿ ಮೇಲ್ಮೈಯನ್ನು ಒರಟು ಮಾಡುತ್ತದೆ. ತಾಮ್ರದ ನಾಣ್ಯವಾದರಂತೂ ನೂರು ವರ್ಷದಲ್ಲಿ ಕೂಡಿದ ಕಂದು ಮೈ ಹೋಗಿ ಹಸಿ ಗುಲಾಬಿ ಬಣ್ಣ ಬರುತ್ತದೆ. ಅನುಭವಿ ಕಣ್ಣಿಗೆ ಅದು ದೂರದಿಂದಲೇ ಗೊತ್ತಾಗುತ್ತದೆ, ಮತ್ತು ಸರಿಪಡಿಸುವ ದಾರಿಯಿಲ್ಲ.

ನೀವು ತಿಕ್ಕಿದ ಎರಡೂ ಸಾಮಾನ್ಯ ರೂಪಾಯಿಗಳಾಗಿದ್ದರೆ ನಷ್ಟ ದೊಡ್ಡದಲ್ಲ, ಕೊರಗಬೇಡಿ. ಆಮ್ಲದ ಶೇಷ ಉಳಿಯದಂತೆ ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಮೂರು ಬಾರಿ ಅದ್ದಿ, ಉಜ್ಜದೆ, ಮೆತ್ತನೆಯ ಹತ್ತಿ ಬಟ್ಟೆಯ ಮೇಲೆ ಒಣಗಲು ಬಿಡಿ. ಉಳಿದವುಗಳ ಮೇಲೆ ಎಣ್ಣೆ, ಕುಂಕುಮದ ಜಿಡ್ಡು ದಪ್ಪವಾಗಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಗಾಜಿನ ಬಟ್ಟಲಲ್ಲಿ ನೆನೆಹಾಕಬಹುದು. ಅದು ಜಿಡ್ಡನ್ನು ಕರಗಿಸುತ್ತದೆ, ಲೋಹವನ್ನು ಮುಟ್ಟುವುದಿಲ್ಲ. ಆದರೆ ಬೇಗ ಹೊತ್ತಿಕೊಳ್ಳುವ ದ್ರವ. ಒಲೆ, ದೀಪದಿಂದ ದೂರ, ಕಿಟಕಿ ತೆರೆದಿಟ್ಟು ಮಾಡಬೇಕು. ತಾಮ್ರದ ನಾಣ್ಯದ ಮೇಲೆ ತಿಳಿ ಹಸಿರಿನ ಪುಡಿಯಂಥ ಕಿಲುಬು ಏಳುತ್ತಿದ್ದರೆ ಅದನ್ನು ಮೊದಲು ಬೇರೆ ಡಬ್ಬಿಗೆ ಹಾಕಿ. ಉಪ್ಪಿನಂಶ ಒಳಹೊಕ್ಕು ಲೋಹವನ್ನು ತಿನ್ನುತ್ತಿರುವ ಲಕ್ಷಣ ಅದು, ತೇವವಿದ್ದರೆ ಬೆಳೆಯುತ್ತಲೇ ಹೋಗುತ್ತದೆ.

ಇಡುವ ಬಗೆಯೂ ಮುಖ್ಯ, ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಇನ್ನೂ ಮುಖ್ಯ. ಅಂಗಡಿಯಲ್ಲಿ ಸಿಗುವ ಮೆತ್ತನೆಯ, ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಆಲ್ಬಂಗಳು ಕೆಲವೇ ವರ್ಷಗಳಲ್ಲಿ ನಾಣ್ಯಕ್ಕೆ ಹಸಿರು ಲೋಳೆ ಹಿಡಿಸುತ್ತವೆ. ರಬ್ಬರ್ ಬ್ಯಾಂಡ್, ವೃತ್ತಪತ್ರಿಕೆ, ಉಣ್ಣೆ ಬಟ್ಟೆ ಇವು ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ಪಾರದರ್ಶಕ ಕಿಂಡಿಯ ರಟ್ಟಿನ ಚೌಕಗಳು ಅಥವಾ ಪಿವಿಸಿ ಇಲ್ಲದ ಗಟ್ಟಿ ಪೊರೆಯ ಚೀಲಗಳು ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ಚೌಕದಲ್ಲಿ ಒಂದೇ ನಾಣ್ಯ, ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಹಿಡಿಯುವಾಗ ಅಂಚಿನಲ್ಲಿ ಮಾತ್ರ ಹಿಡಿಯಿರಿ, ಬೆರಳಿನ ಬೆವರು ಗುರುತು ಬಿಡುತ್ತದೆ.

ಕೊಂಡಿ ಬೆಸೆದವುಗಳ ಬಗ್ಗೆ ಕೇಳಿದ್ದೀರಿ. ಬೆಸುಗೆ ಬಿದ್ದ ನಾಣ್ಯಕ್ಕೆ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಬೆಲೆ ಬಹಳ ಇಳಿಯುತ್ತದೆ. ಕೊಂಡಿ ಕೀಳಿಸಿ ಅಂಚು ನಯ ಮಾಡಿಸಿದರೆ ಇನ್ನೂ ಇಳಿಯುತ್ತದೆ. ಅವನ್ನು ಒಡವೆಯಾಗಿಯೇ ಉಳಿಸಿಕೊಳ್ಳಿ. ಯಾರ ಕೊರಳಲ್ಲಿತ್ತು ಎಂಬುದನ್ನು ಮನೆಯವರು ಬಲ್ಲರು, ಮಾರುಕಟ್ಟೆ ಬಲ್ಲದು ಎಂಬ ನಿರೀಕ್ಷೆ ಬೇಡ.

ಮಾರುವುದಾದರೆ ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಅಕ್ಕಸಾಲಿಗರು ಹೇಳಿದ್ದು ಮೋಸವಲ್ಲ, ಅವರಿಗೆ ಅದು ಬೆಳ್ಳಿ ಮಾತ್ರ. ಕರಗಿಸುವಾಗಿನ ಕಳೆತ ಮುರಿದುಕೊಂಡು ಕೊಡುತ್ತಾರೆ. ಒಮ್ಮೆ ಮೂಸೆಗೆ ಹೋದದ್ದು ಹಿಂದೆ ಬರುವುದಿಲ್ಲವಾದ್ದರಿಂದ, ಪ್ರತಿ ನಾಣ್ಯವೂ ಯಾವುದೆಂದು ಗುರುತಿಸಿದ ಮೇಲೆ ಮಾತ್ರ ಆ ಮಾತು. ನಾಣ್ಯ ವ್ಯಾಪಾರಿಗಳು ಬೆಳ್ಳಿಗಿಂತ ಹೆಚ್ಚು ಕೊಡುತ್ತಾರೆ, ಆದರೆ ಕ್ಯಾಟಲಾಗ್‌ನಲ್ಲಿ ಕಾಣುವ ಬೆಲೆ ಅವರು ಮಾರುವ ಬೆಲೆ, ಕೊಳ್ಳುವ ಬೆಲೆಯಲ್ಲ. ಅಂಗಡಿ ನಡೆಸುವವರಿಗೆ ಆ ಅಂತರ ಬೇಕು. ನಾನು ಎಚ್ಚರಿಸುವುದು ಬೇರೆ ಸಂಗತಿಯನ್ನು: ಡಬ್ಬಿ ಮುಂದಿಟ್ಟು 'ಎಷ್ಟು ಕೊಡುತ್ತೀರಿ' ಎಂದು ಕೇಳಿದರೆ 1911ರಂಥದ್ದೂ ಗುಂಪಿನ ಬೆಲೆಗೆ ಹೋಗುತ್ತದೆ. ಪಟ್ಟಿ ಮಾಡಿಕೊಂಡು ಹೋಗಿ, ಕನಿಷ್ಠ ಇಬ್ಬರನ್ನು ಕೇಳಿ, ಒಳ್ಳೆಯದನ್ನು ಬಿಡಿಯಾಗಿ ಮಾತನಾಡಿ. ಹರಾಜು ಸಂಸ್ಥೆಗಳು ನಿಜಕ್ಕೂ ಅಪರೂಪದ್ದಕ್ಕೆ ಸರಿ. ಕಮಿಷನ್ ಇದೆ, ತಿಂಗಳುಗಟ್ಟಲೆ ಕಾಯಬೇಕು, ಬಿಕರಿಯಾಗದೆ ವಾಪಸ್ ಬರಲೂಬಹುದು. 70 ಅಂಕಗಳ ಶ್ರೇಣಿಯಲ್ಲಿ ನಾಣ್ಯದ ಸ್ಥಿತಿ ನಿರ್ಧರಿಸಿ, ಅದನ್ನು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಸಂಸ್ಥೆಗಳೂ ಇವೆ. ಸವೆದ 1862ಕ್ಕೆ ಅದನ್ನು ಮಾಡಿಸಿದರೆ ಶುಲ್ಕವೇ ನಾಣ್ಯದ ಬೆಲೆಯ ಸಮಕ್ಕೆ ಬಂದುಬಿಡುತ್ತದೆ. ಅಸಲಿಯೆಂದು ಕಂಡುಬಂದ 1939ಕ್ಕಾದರೆ ಅದು ಅಗತ್ಯ.

ತಮ್ಮನಿಗೆ ಪಾಲು ಕೊಡುವಾಗ ಎಣಿಸಿ ಅರ್ಧರ್ಧ ಮಾಡಬೇಡಿ. ಇಸವಿ, ಟಂಕಸಾಲೆ, ತೂಕ, ಸ್ಥಿತಿ, ಎರಡೂ ಬದಿಯ ಚಿತ್ರ ಇರುವ ಪಟ್ಟಿಯನ್ನು ಇಬ್ಬರೂ ಕುಳಿತು ಮಾಡಿ, ಬೆಲೆ ಹಾಕಿಸಿ, ಆಮೇಲೆ ಹಂಚಿಕೊಳ್ಳಿ. ಎರಡೋ ಮೂರೋ ನಾಣ್ಯಗಳಲ್ಲೇ ಅರ್ಧದಷ್ಟು ಬೆಲೆ ಇರಬಹುದು. ಇದು ಮೊದಲೇ ಗೊತ್ತಿದ್ದರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಮಗನಿಗೆ ಕಳಿಸುವ ವಿಚಾರದಲ್ಲಿ ಕಾನೂನು ಕಟ್ಟುನಿಟ್ಟಾಗಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವೂ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಅಂಚೆಯಲ್ಲಿ ಕಳಿಸುವಂತಿಲ್ಲ. ಮನೆತನದ್ದು, ಒಂದೇ ಒಂದು, ಉಡುಗೊರೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. ನಿಮ್ಮ 1840, 1862, 1911 ಮೂರೂ ಇದರೊಳಗೆ ಬರುತ್ತವೆ. ಮಗನಿಗೆ ಕೊಡುವುದಾದರೆ ತೂತುಕಾಸು ಅಥವಾ 1945ರ ರೂಪಾಯಿ ಕೊಡಿ. ಆದರೂ ವಿಮಾನ ನಿಲ್ದಾಣದಲ್ಲಿ ತಕರಾರು ಬಾರದಂತೆ, ಇದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದುಕೊಳ್ಳುವುದು ಒಳ್ಳೆಯದು. ನೀವು ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ. ನೂರು ವರ್ಷ ಮೀರಿದವುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಬೇಕು. ಮುಂದೆಂದಾದರೂ ನೆಲ ಅಗೆಯುವಾಗ, ಹಳೆಯ ಗೋಡೆ ಕೆಡವುವಾಗ ನಾಣ್ಯಗಳು ಸಿಕ್ಕರೆ ಆ ಲೆಕ್ಕ ಬೇರೆ, ಅದು ನಿಧಿ ಕಾಯ್ದೆಗೆ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು.

ಸಂಗ್ರಹ ಬೆಳೆಸುವ ಆಸೆಯನ್ನು ಕೊನೆಗಿಟ್ಟು ಬರೆದಿದ್ದೀರಿ. ನಾನಾದರೆ ಅದನ್ನೇ ಮೊದಲಿಗೆ ಇಡುತ್ತಿದ್ದೆ. 192 ಪೈ, ಇಲ್ಲವೇ 64 ಕಾಲಾಣೆ, ಇಲ್ಲವೇ 16 ಆಣೆಗೆ ಒಂದು ರೂಪಾಯಿಯಾಗುತ್ತಿದ್ದ ಆ ಲೆಕ್ಕದಲ್ಲಿ ಬದುಕಿದವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಾಣ್ಯಗಳಾದರೋ ಇನ್ನೂ ಕೈಗೆಟಕುವ ಬೆಲೆಗೆ ಸಿಗುತ್ತವೆ. ಎಲ್ಲವನ್ನೂ ಕೊಳ್ಳಲು ಹೋಗಬೇಡಿ, ಒಂದು ಎಳೆ ಹಿಡಿಯಿರಿ. ನಿಮ್ಮಲ್ಲಿರುವ ತೂತುಕಾಸಿನಿಂದಲೇ ಶುರು ಮಾಡಬಹುದು. ಅದಕ್ಕೆ ಮೊದಲಿನ ಕಾಲಾಣೆ 4.86 ಗ್ರಾಂ ಇತ್ತು. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು 1943ರಲ್ಲಿ ಗಾತ್ರ ಕುಗ್ಗಿಸಿ ನಡುವೆ ತೂತು ತೆಗೆದು 1.94 ಗ್ರಾಂಗೆ ಇಳಿಸಿದರು. 1947ರ ವರೆಗೆ ಐದು ಇಸವಿಗಳು, ಕಿರೀಟದ ಚಿತ್ರದಲ್ಲಿಯೂ ಬೇರೆ ಬೇರೆ ಬಗೆಗಳು. ಮಕ್ಕಳ ಉಡಿದಾರಕ್ಕೆ ಪೋಣಿಸಿದ್ದು, ವಾಷರ್ ಆಗಿ ಬಳಸಿದ್ದು, ಇದೇ ಕಾಸನ್ನು. ಹಿಡಿಯಷ್ಟಿದ್ದರೆ ಐದೂ ಇಸವಿಗಳು ನಿಮ್ಮ ಡಬ್ಬಿಯಲ್ಲೇ ಇದ್ದಾವು.

ಅದಾದ ಮೇಲೆ ಮೊದಲನೇ ಮಹಾಯುದ್ಧದ ಬೆಳ್ಳಿ ಅಭಾವದ ಕೂಸುಗಳನ್ನು ನೋಡಿ: 1918ರಿಂದ ಬಂದ ಚೌಕದ ಎರಡಾಣೆ, 1919ರಿಂದ 1921ರ ನಡುವಿನ ಎಂಟು ಮೂಲೆಯ ನಾಲ್ಕಾಣೆ, ಕೇವಲ 1919 ಮತ್ತು 1920ರ ಇಸವಿಯಲ್ಲಿರುವ ಎಂಟಾಣೆ. ಕೊನೆಯದು ಸಿಕ್ಕುವುದು ಕಷ್ಟ, ಸಿಕ್ಕಾಗ ಬಿಡಬೇಡಿ. ನಂತರ ಗಣರಾಜ್ಯದ ಆಣೆ ಸರಣಿ. 1950ರಲ್ಲಿ ದೊರೆಯ ತಲೆಯ ಜಾಗಕ್ಕೆ ಅಶೋಕಸ್ತಂಭದ ಸಿಂಹಗಳು ಬಂದವು. ರೂಪಾಯಿ, ಅರ್ಧ ರೂಪಾಯಿ, ಕಾಲು ರೂಪಾಯಿಗೆ ತೆನೆ; ಎರಡಾಣೆ, ಒಂದಾಣೆ, ಅರ್ಧಾಣೆಗೆ ಗೂಳಿ; ಕಂಚಿನ ಕಾಲಾಣೆಗೆ ಓಡುವ ಕುದುರೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇ ಪೈಸೆ ಆಗುವ ತನಕ ಹೊಡೆದ ಈ ಸರಣಿಯಲ್ಲಿ ಬಗೆಗೊಂದರಂತೆ ಏಳು ನಾಣ್ಯಗಳನ್ನು ಕೂಡಿಸಲು ದೊಡ್ಡ ಹಣ ಬೇಡ. ಒಳ್ಳೆಯ ಸ್ಥಿತಿಯವನ್ನೇ ಆರಿಸಿ. ಸವೆದ ಹತ್ತರ ಹಣದಲ್ಲಿ ಅಚ್ಚುಕಟ್ಟಾದ ಎರಡು ಬಂದರೂ ಆ ಎರಡೇ ಮೇಲು. ಮುಂಬಯಿಗೆ ಹೋಗುವ ಅವಕಾಶವಿದ್ದರೆ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆಯಿರಿ. ಚೆನ್ನಾಗಿ ಉಳಿದ ನಾಣ್ಯ ಹೇಗಿರುತ್ತದೆಂದು ಕಣ್ಣು ಕಲಿತುಕೊಂಡರೆ ಅಂಗಡಿಯಲ್ಲಿ ನಿಮ್ಮನ್ನು ಮೋಸಗೊಳಿಸುವುದು ಸುಲಭವಾಗುವುದಿಲ್ಲ.